ತಿಕ್ಕದ ಕೈ



ಮಲೆ ಮಹದೇಶ್ವರ ಬೆಟ್ಟದ ಪಾದಯಾತ್ರೆ ಮುಗಿಸಿ ಕೊಳ್ಳೇಗಾಲಕ್ಕೆ ಬಂದ ಮೇಲೆ ನಮ್ಮ ಎಡಗಾಲಿನ ಮೀನಖಂಡ ಬಾತು ನೋಯುತ್ತಿತ್ತು. ಮನೆಯ ಮುಂಗೋಣೆಯಲ್ಲಿ ಎಣ್ಣೆ ತಿಕ್ಕುವ ಕಾಯಕ ನಡೆಸುತ್ತಿದ್ದ ಹಿರಿಯರೊಬ್ಬರಲ್ಲಿಗೆ ಹೋದೆವು. ಅವರು ಎರಡೂ ಕಾಲುಗಳನ್ನು ಮುಟ್ಟಿ ನೋಡಿ, ಕಾಸಿದ ಎಳ್ಳೆಣ್ಣೆಯನ್ನು ಬದಿಗಿಟ್ಟರು. “ಬುದ್ಧಿ, ಒಂದೇ ಕಾಲು ಊದ್ಕಂಡದೆ, ಬಿಸಿನೂ ಅದೆ. ಇದ ತಿಕ್ಕಬಾರ್ದು, ಮೊದ್ಲು ಆಸ್ಪತ್ರೆಗೆ ದಯಮಾಡ್ಸಿ” ಎಂದರು. ಕಾಣಿಕೆಯನ್ನೂ ಒಲ್ಲೆನೆಂದರು.

ವೈದ್ಯರು ಒಳಗಿನ ರಕ್ತನಾಳದಲ್ಲಿ ಹೆಪ್ಪನ್ನು ಕಂಡರು. ತಿಕ್ಕಿದ್ದರೆ ಅದು ಕಳಚಿ ಶ್ವಾಸಕೋಶವನ್ನು ಸೇರಿ ಪ್ರಾಣಕ್ಕೇ ಎರವಾಗಬಹುದಿತ್ತು.

ನಿತ್ಯ ಅಭ್ಯಂಗವನ್ನು ವಿಧಿಸುವ ವಾಗ್ಭಟನ ‘ಅಷ್ಟಾಂಗಹೃದಯ’ವೇ ಅಜೀರ್ಣ, ಕಫಬಾಧೆಗಳಲ್ಲಿ ಅದನ್ನು ವರ್ಜಿಸಿದೆ. ಆ ಪಾಠವನ್ನು ಹೇಳುತ್ತಿದ್ದ ನಾವು ಕಾಲು ಚಾಚಿ ಕುಳಿತಿದ್ದೆವು. ತಡೆಯುವ ವಿವೇಕ ಆ ಎಣ್ಣೆಗೈಯಲ್ಲಿತ್ತು. ಒಂದೇ ಕಾಲು ಊದಿ ನೊಂದರೆ ನೀವೂ ತಿಕ್ಕಿಸಿಕೊಳ್ಳದೆ ವೈದ್ಯರನ್ನು ಕಾಣಿರಿ.