‘ಬೇಡ’ ಅನ್ನೋಕೆ ಆಗ್ತಿತ್ತಾ?

2013ರ ನವೆಂಬರ್. ಆಗ ನಾನು ಎಚ್-1ಬಿ ವೀಸಾ ಮೇಲೆ ಟೆಕ್ಸಾಸ್‌ನ ಡಲ್ಲಾಸ್ ಹತ್ತಿರ ಇದ್ದೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಪಕ್ಕದ ಫೋರ್ಟ್ ವರ್ತ್‌ನಲ್ಲಿ ಯೂನಿಫಾರ್ಮ್ ಹಾಕಿದ ಪೊಲೀಸರು ಕಾರುಗಳನ್ನು ಪಾರ್ಕಿಂಗ್ ಜಾಗಕ್ಕೆ ತಿರುಗಿಸಿದ್ದರಂತೆ. ಅಲ್ಲಿ ಎಂಜಲು ಕೊಟ್ಟರೆ 10 ಡಾಲರ್, ರಕ್ತ ಕೊಟ್ಟರೆ 50 ಡಾಲರ್!

ಯಾರನ್ನೂ ಹಿಡಿಯೋಕಲ್ಲ. ಎಷ್ಟು ಜನ ಮದ್ಯ, ಗಾಂಜಾ, ಮಾತ್ರೆ ತಗೊಂಡು ಗಾಡಿ ಓಡಿಸ್ತಾರೆ ಅಂತ ತಿಳಿಯಲು ಅಮೆರಿಕದ ಕೇಂದ್ರ ಸರ್ಕಾರ ನಡೆಸುತ್ತಿದ್ದ ಸಮೀಕ್ಷೆ. ಹೆಸರು ಬರೆದುಕೊಳ್ಳಲ್ಲ, ಇಷ್ಟವಿದ್ದರೆ ಕೊಡಿ ಅನ್ನೋ ಲೆಕ್ಕ. ಆದರೆ ಒಪ್ಪಿಗೆಗೆ ಮೊದಲೇ ನಿಮ್ಮ ಉಸಿರಿನಲ್ಲಿ ಮದ್ಯದ ಅಂಶ ಇದೆಯಾ ಅಂತ ಯಂತ್ರ ನೋಡಿರಬಹುದು ಎಂದು ಫಾರ್ಮಿನ ಸಣ್ಣ ಅಕ್ಷರದಲ್ಲಿತ್ತು. ಗಲಾಟೆಯಾಗಿ, ಊರಿನ ಪೊಲೀಸ್ ಮುಖ್ಯಸ್ಥರೇ ಕ್ಷಮೆ ಕೇಳಿದರು.

“50 ಡಾಲರ್ ಬಿಡೋದಾ?” ಅಂತ ಸಹೋದ್ಯೋಗಿ ನಕ್ಕ. ನಾನೂ ನಕ್ಕೆ. ನನ್ನ ಬ್ಯಾಗಿನಲ್ಲಿ ಡಾಕ್ಟರ್ ಬರೆದುಕೊಟ್ಟ ಖಿನ್ನತೆಯ ಮಾತ್ರೆ ಇತ್ತು. ಅದು ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಊರಲ್ಲಿ ಅಮ್ಮನಿಗೆ ‘ವಿಟಮಿನ್’ ಅಂದಿದ್ದೆ. ಸಮೀಕ್ಷೆಯವರು ರಕ್ತದಲ್ಲಿ ಹುಡುಕುತ್ತಿದ್ದ ಔಷಧಿಗಳಲ್ಲಿ ಇಂಥವೂ ಇದ್ದವು.

“ಹೆಸರೇ ಇಲ್ಲದ ರಕ್ತದಿಂದ ನಿನ್ನನ್ನ ಹೇಗೆ ಹುಡುಕ್ತಾರೆ ಮಾರಾಯ್ತಿ?” ಅಂದರು ಗಂಡ. ಅವರ ಮಾತು ಸರಿನೇ. ಮದ್ಯಕ್ಕೆ 0.08 ಅನ್ನೋ ಗಡಿ ಇದೆ. ಗಾಂಜಾಕ್ಕೆ ಹಾಗೆ ಗೆರೆ ಎಳೆಯೋದು ಕಷ್ಟ, ಅಮಲು ಇಳಿದ ಮೇಲೂ ಅದರ ಅಂಶ ರಕ್ತದಲ್ಲಿ ಉಳಿದಿರುತ್ತೆ. ಲೆಕ್ಕವಿಲ್ಲದೆ ಕಾನೂನು ಮಾಡಿದರೆ ನನ್ನಂಥ ಮಾತ್ರೆಯವರೂ ಸಿಕ್ಕಿಬೀಳಬಹುದು. ಆಮೇಲೆ ಬಂದ ವರದಿ ನೋಡಿ: ವಾರಾಂತ್ಯದ ರಾತ್ರಿ ಗಾಡಿ ಓಡಿಸುವವರಲ್ಲಿ ಗಾಂಜಾ ಅಂಶ ಸಿಕ್ಕಿದ್ದು 2007ರಲ್ಲಿ ಶೇ 8.6, 2013–14ರಲ್ಲಿ ಶೇ 12.6. ಕುಡಿದು ಓಡಿಸೋರು ಮಾತ್ರ ಕಡಿಮೆಯಾಗಿದ್ದರು. ರಸ್ತೆಯಲ್ಲಿ ಕೇಳದೆ ಈ ಅಂಕಿ ಎಲ್ಲಿಂದ ಬರಬೇಕು?

ಆದರೂ ನಾನೇ ಆ ರಸ್ತೆಯಲ್ಲಿದ್ದಿದ್ದರೆ? ಪೊಲೀಸ್ ಕೈ ತೋರಿಸ್ತಾನೆ. ನನ್ನ ಕೆಲಸ, ಮನೆ, ಎಲ್ಲ ನಿಂತಿರೋದು ವೀಸಾ ಮೇಲೆ. ಬೆಂಗಳೂರಲ್ಲಿ ಎಲ್ಲ ದಾಖಲೆ ಸರಿಯಿದ್ದರೂ ಟ್ರಾಫಿಕ್ ಪೊಲೀಸ್ ಅಡ್ಡ ಬಂದರೆ ಎದೆ ಡವಡವ ಅನ್ನೋ ಪೈಕಿ ನಾನು. ‘ಬೇಡ’ ಅನ್ನೋ ಪದ ಬಾಯಿಂದ ಬರ್ತಿತ್ತಾ? ಇದನ್ನೇ ಕ್ಲಿನಿಕ್‌ನಲ್ಲಿ ಒಬ್ಬ ನರ್ಸ್ ಕೇಳಿದ್ದರೆ, ದುಡ್ಡೂ ಬೇಡ ಅಂತ ಕೊಟ್ಟು ಬರ್ತಿದ್ದೆ.

ಆ ವಾರವೆಲ್ಲ ಮಾತ್ರೆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಆಫೀಸಿಗೆ ಹೋದೆ. “ರಕ್ತದಲ್ಲಿರೋದನ್ನ ಎಲ್ಲಿ ಬಿಟ್ಟು ಹೋಗ್ತೀಯ?” ಅಂತ ಗಂಡ ನಕ್ಕರು.