22 ರೂಪಾಯಿಯ ಚೌಕಾಶಿ

ನಮ್ಮವ್ವ ಸಂತೆಯಲ್ಲಿ ಚೌಕಾಶಿ ಮಾಡುವುದನ್ನು ನೋಡುತ್ತಲೇ ನಾನು ದೊಡ್ಡವನಾದೆ. ಜತ್ತ ತಾಲೂಕಿನ ನಮ್ಮ ಕಡೆ ಸಂತೆ ಅಂದರೆ ಕನ್ನಡ, ಮರಾಠಿ ಎರಡೂ ಕೂಡಿದ ಗದ್ದಲ. ಸಂತೆಗೆ ಬೇಕಾಗುವ ನಾಲ್ಕು ಮಾತು ಬಿಟ್ಟರೆ ಅವ್ವನಿಗೆ ಮರಾಠಿ ಬರುವುದಿಲ್ಲ. ಆದರೆ ಮೆಣಸಿನಕಾಯಿ ಮಾರುವವನು ಯಾವ ಭಾಷೆಯವನೇ ಇರಲಿ, ಅವಳಿಗೆ ಹೆಚ್ಚಿನ ರೇಟು ಹಚ್ಚಿ ಹೋದದ್ದನ್ನು ನಾನು ಕಂಡಿಲ್ಲ. ಮೊದಲು ಮಾಲು ನೋಡುವಳು. ಒಂದು ಕಾಯಿ ಮುರಿದು ಬೀಜ ನೋಡುವಳು. ಆಮೇಲೆ ಧಾರಣಿ. ಧಾರಣಿ ಬಗೆಹರಿದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲದ ಬಾಯಿ ಕಟ್ಟುತ್ತಿರಲಿಲ್ಲ. "ಮಾಲು ನೋಡದ ಧಾರಣಿ ಕೇಳಬ್ಯಾಡೋ ತಮ್ಮಾ" ಅಂತ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಗುರೂಜಿಯಾಗಿ ಮಕ್ಕಳಿಗೆ ಲೆಕ್ಕ ಕಲಿಸಿದ ನಾನು ಆ ಒಂದು ಮಾತನ್ನು ಮರೆತದ್ದು ಕೇಬಲ್ಲಿನ ವಿಷಯದಲ್ಲಿ.

2019ರ ಫೆಬ್ರವರಿ ಒಂದನೆಯ ತಾರೀಖಿನಿಂದ ಟಿವಿಗೆ ಹೊಸ ನಿಯಮ ಬಂತು. ಅದಕ್ಕೂ ಮೊದಲು ತಿಂಗಳಿಗೆ 220 ರೂಪಾಯಿ ಕೊಟ್ಟರೆ ಆಯಿತು, ಬಂದದ್ದನ್ನೆಲ್ಲ ನೋಡುತ್ತಿದ್ದೆವು. ಮರಾಠಿ, ಹಿಂದಿ, ಕನ್ನಡ ಎಲ್ಲ ಅದರೊಳಗೇ. ಯಾವುದಕ್ಕೆ ಎಷ್ಟು ಅಂತ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ಹೊಸ ನಿಯಮದಲ್ಲಿ 100 ಚಾನೆಲ್ಲುಗಳವರೆಗೆ ತಂತಿಯ ಬಾಡಿಗೆ ಇದ್ದಂತೆ ಹೆಚ್ಚೆಂದರೆ 130 ರೂಪಾಯಿ. ಬೆಲೆ ಇರುವ ಚಾನೆಲ್ಲು ಬೇಕಾದರೆ ಅದರ ದುಡ್ಡು ಬೇರೆ. ಎಲ್ಲದರ ಮೇಲೆ ಶೇಕಡಾ 18 ಜಿಎಸ್‌ಟಿ. ಗೊಂಚಲಿನಲ್ಲಿ ಹಾಕಿ ಮಾರುವ ಚಾನೆಲ್ಲಿನ ಬಿಡಿ ಬೆಲೆ ಆಗ 19 ರೂಪಾಯಿ ದಾಟುವಂತಿರಲಿಲ್ಲ. ಗೊಂಚಲು ಬೇಡ ಅಂದರೆ ಬಿಡಿಬಿಡಿಯಾಗಿ ಕೊಳ್ಳುವ ಹಕ್ಕೂ ಗಿರಾಕಿಗೆ ಇತ್ತು.

ನಮ್ಮೂರಿಗೆ ಕೇಬಲ್ ಕೊಡುವ ಹುಡುಗ ನನ್ನ ಶಾಲೆಯಲ್ಲೇ ಕಲಿತವನು. ಒಂದು ಸಂಜೆ ಬಂದು ಕಟ್ಟೆಯ ಮೇಲೆ ಕೂತು, "ಗುರೂಜಿ, ಇನ್ನ ಮ್ಯಾಲ 340 ಆಗತೈತ್ರಿ. ಇದು ನಮ್ಮ ಕಡೆ ಪ್ಯಾಕು. ಮರಾಠಿ, ಹಿಂದಿ ಎಲ್ಲಾ ಬರತಾವು. ಕನ್ನಡ ಬೇಕಂದ್ರ ಅದು ಎಕ್ಸ್ಟ್ರಾ" ಅಂದ. 220 ಇದ್ದದ್ದು 340 ಅಂದಾಗ ನನಗೆ ಸಿಟ್ಟು ಬಂತು. "ಕನ್ನಡ ಎಕ್ಸ್ಟ್ರಾ" ಅಂದ ಮಾತಿಗೆ ಅಷ್ಟು ಸಿಟ್ಟು ಬರಲಿಲ್ಲ. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ.

"ಲೆಕ್ಕ ಬರದು ತೋರಸು" ಅಂದೆ. ಅವನು ತಡವರಿಸಿದ. ನಾನೇ ಪಾಟಿಯ ಮೇಲೆ ಬರೆದೆ. ತಂತಿಯದು 130, ಗೊಂಚಲಿನದು 158, ಕೂಡಿ 288. ಅದಕ್ಕೆ ತೆರಿಗೆ 51 ರೂಪಾಯಿ 84 ಪೈಸೆ. ಒಟ್ಟು 339 ರೂಪಾಯಿ 84 ಪೈಸೆ. ಅವನು ಹೇಳಿದ 340 ಸುಳ್ಳಲ್ಲ. ಆದರೆ ಆ 158ರಲ್ಲಿ ನಮ್ಮ ಮನೆಯಲ್ಲಿ ಯಾರೂ ಕಣ್ಣೆತ್ತಿ ನೋಡದ ಚಾನೆಲ್ಲುಗಳೇ ಹೆಚ್ಚು. "ಈ ಗೊಂಚಲ ನನಗ ಬ್ಯಾಡ. ಬಿಡಿ ಕೊಡ್ತಿಯೋ, ಇಲ್ಲಾ ದೂರದರ್ಶನದ ಫ್ರೀ ಡಿಶ್ ತಂದು ಮಾಳಗಿ ಮ್ಯಾಲ ಹಚ್ಚಲ್ಯೋ? ಅದಕ್ಕ ಒಮ್ಮೆ ರೊಕ್ಕ ಕೊಟ್ರ ಮುಗೀತು, ತಿಂಗಳ ಬಾಡಗಿ ಇಲ್ಲ" ಅಂತ ಹೆದರಿಸಿದೆ. ಹುಡುಗ ಫಾರ್ಮು ಕೊಟ್ಟು, "ನಿಮಗ ಬೇಕಾದ್ದಕ್ಕ ಟಿಕ್ ಮಾಡ್ರಿ" ಅಂದ.

ಮಗನಿಗೆ ಕ್ರಿಕೆಟ್ ಬೇಕು, ಅದಕ್ಕೊಂದು ಟಿಕ್. ಮನೆಯವಳು ಸಾಂಗಲಿ ಕಡೆಯವಳು, ಅವಳ ಮರಾಠಿ ಧಾರಾವಾಹಿಗೆ ಒಂದು ಟಿಕ್. ಒಂದೆರಡು ಸಿನಿಮಾ, ಸುದ್ದಿ. ಎಲ್ಲ ಕೂಡಿ 60. ಕನ್ನಡದ ಪಟ್ಟಿಗೆ ಬಂದಾಗ 19 ರೂಪಾಯಿಯ ಒಂದು ಚಾನೆಲ್ಲಿನ ಮೇಲೆ ಪೆನ್ನು ನಿಂತಿತು. ದೂರದರ್ಶನದ ಚಂದನ ಹೇಗೂ ಹೆಚ್ಚಿನ ದುಡ್ಡಿಲ್ಲದೆ ಬರುತ್ತದೆ. 'ಥಟ್ ಅಂತ ಹೇಳಿ' ನೋಡಲು ನನಗೆ ಅಷ್ಟು ಸಾಕು, ಸರಿಯುತ್ತರಕ್ಕೆ ಪುಸ್ತಕ ಕೊಡುವ ಕಾರ್ಯಕ್ರಮಕ್ಕಿಂತ ಹೆಚ್ಚಿನದು ಕನ್ನಡದಲ್ಲಿ ಇನ್ನೇನು ಬೇಕು ಅಂದುಕೊಂಡೆ. ಟಿಕ್ ಹಾಕಲಿಲ್ಲ. 130ಕ್ಕೆ 60 ಕೂಡಿಸಿ ತೆರಿಗೆ ಹಚ್ಚಿದರೆ 224 ರೂಪಾಯಿ 20 ಪೈಸೆ. 340 ಅಂದವನನ್ನು 224ಕ್ಕೆ ಇಳಿಸಿದೆ ಅಂತ ಮರುದಿನ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ಇಬ್ಬರು ಗುರೂಜಿಗಳು ನನ್ನ ಪಟ್ಟಿಯನ್ನೇ ಬರೆದುಕೊಂಡು ಹೋದರು.

ಎಂಟು ದಿವಸ ಕಳೆದಿರಬಹುದು. ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಅವ್ವ ಟಿವಿಯ ಮುಂದೆ ಕೂತಿದ್ದಳು. ಮರಾಠಿ ಧಾರಾವಾಹಿ ನಡೆದಿತ್ತು. ಸೊಸೆ ನಡುನಡುವೆ ಅವಳಿಗೆ ಕನ್ನಡದಲ್ಲಿ ಹೇಳುತ್ತಿದ್ದಳು: ಈಕಿ ಅವನ ಹೇಂತಿ, ಅಂವ ಸುಳ್ಳ ಹೇಳ್ಯಾನ. ಅವ್ವ ಹೂಂ ಅನ್ನುತ್ತಿದ್ದಳು. ಅವಳ ಧಾರಾವಾಹಿ ಆ ಹೊತ್ತಿನದೇ ಅಂತ ಆಗ ನೆನಪಾಯಿತು. "ಅವ್ವಾ, ನಿಂದು ಬರವಲ್ದೇನು?" ಅಂದೆ. "ಇಲ್ಲೋ. ತಂತಿ ಕಡದಿರಬೇಕು. ಆ ಹುಡುಗಗ ಹೇಳು, ಬಂದಾಗ ನೋಡ್ಲಿ" ಅಂದಳು.

ತಂತಿ ಕಡಿದಿರಲಿಲ್ಲ. ಕಡಿದವನು ನಾನು.

ಅವ್ವ ಶಾಲೆಗೆ ಹೋದವಳಲ್ಲ. ನಾನು ಸಣ್ಣವನಿದ್ದಾಗ ಧಾರವಾಡ ಆಕಾಶವಾಣಿ ಹಚ್ಚಿ ರೊಟ್ಟಿ ಬಡಿಯುತ್ತಿದ್ದಳು. ಕಣ್ಣು ಮಂದವಾಗಿ, ಮೊಣಕಾಲು ಹಿಡಿದು, ಸಂತೆಗೆ ಹೋಗುವುದು ನಿಂತ ಮೇಲೆ ಹೊರಗಿನ ಮಾತು ಅವಳಿಗೆ ಬರುತ್ತಿದ್ದದ್ದು ಆ ಪೆಟ್ಟಿಗೆಯಿಂದ. ಆ ಧಾರಾವಾಹಿ ನನಗೆ ಸೇರುತ್ತಿರಲಿಲ್ಲ, ಅಷ್ಟೇ. ಗಡಿಯಲ್ಲಿ ಕನ್ನಡ ಉಳಿಯಬೇಕು ಅಂತ ಪ್ರತಿ ನವೆಂಬರಿನಲ್ಲಿ ಭಾಷಣ ಮಾಡುವ ನಾನು ತೆರಿಗೆ ಕೂಡಿ 22 ರೂಪಾಯಿ 42 ಪೈಸೆ ಉಳಿಸಲು ನನ್ನ ಮನೆಯಲ್ಲೇ ಅದನ್ನು ಬಂದ್ ಮಾಡಿದ್ದೆ. ಮನೆಯಲ್ಲಿ ಎಲ್ಲರ ಸಲುವಾಗಿ ಟಿಕ್ ಹಾಕಿದೆ, ಅವಳನ್ನು ಒಂದು ಮಾತು ಕೇಳಲಿಲ್ಲ.

ಮರುದಿನ ಹುಡುಗನ ಅಂಗಡಿಗೆ ಹೋದೆ. ಈ ಸಲ ಸಿಟ್ಟು ಇರಲಿಲ್ಲ. "ಕನ್ನಡ ಯಾಕೋ ಎಕ್ಸ್ಟ್ರಾ?" ಅಂತ ಕೇಳಿದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಗುರೂಜಿ, ಪ್ಯಾಕ್ ಮಾಡವ ನಾ ಅಲ್ರಿ. ಮ್ಯಾಲಿನವರು ಮಾಡ್ತಾರ. ನಿಮ್ಮೂರಾಗ ಕನ್ನಡ ನೋಡವರು ಎಷ್ಟ ಮಂದಿ ಅಂತ ಕೇಳ್ತಾರ. ಯಾರೂ ಬರದ ಕೊಡಂಗಿಲ್ಲ. ನೀವ ಟಿಕ್ ಮಾಡ್ಲಿಲ್ಲ. ಇನ್ನ ಉಳದವರು ಏನ್ ಮಾಡ್ತಾರ್ರಿ?" 130ರಲ್ಲಿ ಅರ್ಧಕ್ಕಿಂತ ಹೆಚ್ಚು ಅವನ ಮೇಲಿನವರಿಗೇ ಹೋಗುತ್ತದೆ ಅಂತಲೂ ಹೇಳಿದ. ಗಾಳಿಗೆ ತಂತಿ ಹರಿದರೆ ಕಂಬ ಹತ್ತುವವನು ಅವನೇ. ಅವನನ್ನು ಹೆದರಿಸಿ ಗೆದ್ದೆ ಅಂದುಕೊಂಡದ್ದಕ್ಕೂ ನನಗೆ ಕೆಡುಕೆನಿಸಿತು.

ಇಬ್ಬರೂ ಕೂತು ಪಟ್ಟಿ ನೋಡಿದೆವು. ಆಗ ತಿಳಿದ ಸಂಗತಿ ಇದು. 100ರ ಲೆಕ್ಕದಲ್ಲಿ ಬೆಲೆ ಇಲ್ಲದ ಚಾನೆಲ್ಲುಗಳನ್ನು ನಾವೇ ಆರಿಸಬಹುದಿತ್ತು. ನಾವು ಆರಿಸದ ಕಡೆ ಅವರು ಸಾಮಾನು ಮಾರುವ ಚಾನೆಲ್ಲು, ಹೆಸರೇ ಕೇಳದ ಚಾನೆಲ್ಲು ತುಂಬಿದ್ದರು. ಅವನ್ನು ತೆಗೆದರೆ ಬೆಲೆ ಇಲ್ಲದ ಕನ್ನಡ ಸುದ್ದಿ ಚಾನೆಲ್ಲುಗಳಿಗೆ ಜಾಗ ಸಿಗುತ್ತಿತ್ತು, ಒಂದು ಪೈಸೆ ಹೆಚ್ಚಿಲ್ಲದೆ. ನಮ್ಮ ಓಣಿಯ ಹನ್ನೊಂದು ಮನೆ ತಿರುಗಿದೆ. ನನ್ನ ಪಟ್ಟಿ ಬರೆದುಕೊಂಡ ಇಬ್ಬರು ಗುರೂಜಿಗಳ ಮನೆಗೂ ಹೋಗಿ ತಪ್ಪು ಒಪ್ಪಿಕೊಂಡೆ. ಪ್ರತಿ ಮನೆಯಲ್ಲೂ ಮೊದಲು ವಯಸ್ಸಾದವರನ್ನು ಕೇಳಿದೆ. ಎಲ್ಲರ ಫಾರ್ಮನ್ನೂ ಒಟ್ಟಿಗೆ ಕೊಟ್ಟೆವು. ಗೊಂಚಲು ಬೇಡವಾದ ಮನೆಗಳಿಗೆಲ್ಲ ಬಿಲ್ಲು ಇಳಿಯಿತು. ಕನ್ನಡವೂ ಬಂತು. ನಮ್ಮ ಮನೆಯದು 246 ರೂಪಾಯಿ 62 ಪೈಸೆ.

ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "22 ರೂಪಾಯಿ ಕೊಟ್ಟ್ಯಾ? ಕೊಸರು ಏನ ಕೊಟ್ಟ?" ಅಂದಳು. "ಸುದ್ದಿ ಚಾನೆಲ್ಲು, ಪುಕ್ಕಟ್ಟೆ" ಅಂದೆ. "ಹಂಗಾರ ಅಡ್ಡಿ ಇಲ್ಲ" ಅಂದಳು.

ಆಮೇಲೆ ನಿಯಮ ಮತ್ತೆ ಮತ್ತೆ ಬದಲಾಗಿದೆ. 2020ರಲ್ಲಿ ಅದೇ 130ಕ್ಕೆ 200 ಚಾನೆಲ್ಲು ಕೊಡಬೇಕು ಅಂತಾಯಿತು. 2024ರಲ್ಲಿ 130ರ ಮಿತಿಯನ್ನೇ ತೆಗೆದರು. ತಂತಿಯ ಬಾಡಿಗೆ ಎಷ್ಟು ಅಂತ ಕೊಡುವವರೇ ನಿಶ್ಚಯಿಸಬಹುದು, ಆದರೆ ಅದನ್ನು ಬಹಿರಂಗವಾಗಿ ತಿಳಿಸಬೇಕು. ಆದ್ದರಿಂದ ಕೇಳುವ ಕೆಲಸ ಈಗ ನಮಗೆ ಹೆಚ್ಚಾಗಿದೆ. ಬಿಲ್ಲು ಬಂದರೆ ತಂತಿಯದು ಎಷ್ಟು, ಚಾನೆಲ್ಲಿನದು ಎಷ್ಟು, ತೆರಿಗೆ ಎಷ್ಟು ಅಂತ ಬಿಡಿಸಿ ಬರೆಸಿಕೊಳ್ಳಿರಿ. ಗೊಂಚಲಿನ ಬೆಲೆಯನ್ನೂ ಬಿಡಿ ಬೆಲೆಯನ್ನೂ ಎದುರುಬದುರು ಇಡಿರಿ. ಕೆಲವೊಮ್ಮೆ ಗೊಂಚಲೇ ಅಗ್ಗ ಬೀಳುತ್ತದೆ. ಒಬ್ಬೊಬ್ಬರೇ ಹೋಗುವುದಕ್ಕಿಂತ ಓಣಿಯವರು ಕೂಡಿ ಹೋಗಿರಿ. ಕನ್ನಡ ಬೇಕಾದರೆ ಬೇಕು ಅಂತ ಬರೆದು ಕೊಡಿರಿ. ಕೇಳದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಳೆದ ತಿಂಗಳು ಹುಡುಗ ಹೊಸ ಪಟ್ಟಿ ತಂದ. ಪೆನ್ನು ತೆಗೆಯುವ ಮೊದಲು ಅದನ್ನು ಒಳಗೆ ಒಯ್ದು ಅವ್ವನ ಹಾಸಿಗೆಯ ಹತ್ತಿರ ಕೂತೆ. ಒಂದೊಂದೇ ಹೆಸರು ಓದಿದೆ. ಅವಳು ಕಣ್ಣು ಮುಚ್ಚಿಕೊಂಡು "ಹೂಂ", "ಬ್ಯಾಡ", "ಹೂಂ" ಅನ್ನುತ್ತಾ ಹೋದಳು. ಹುಡುಗ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕಾಯ್ದ.