ಕೂಗು ನಮ್ಮದು, ಹೆಸರು ಯಾರದು?

ಬೇಸಿಗೆ ಬಂತೆಂದರೆ ನರಸಿಂಹರಾಜಪುರ, ಕೊಪ್ಪ, ಬಾಳೆಹೊನ್ನೂರು ಕಡೆ ಎಲ್ಲಿ ನೋಡಿದರೂ ಟೂರ್ನಮೆಂಟಿನ ಫ್ಲೆಕ್ಸು. ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ತಂಡಗಳ ಹೆಸರು ಓದುತ್ತಾ ನಿಲ್ಲುವುದು ನನಗೊಂದು ಚಟ. ಅರ್ಧಕ್ಕರ್ಧ ಹೆಸರು ಯಾವುದೋ ಐಪಿಎಲ್ ತಂಡದ್ದು, ಇಲ್ಲವೇ ಯಾವುದೋ ನಟನ ಬಿರುದು. ಜರ್ಸಿ ಪ್ರಿಂಟ್ ಮಾಡುವ ಹುಡುಗನನ್ನು ಕೇಳಿದೆ: "ಇದಕ್ಕೆಲ್ಲ ಅವರ ಪರ್ಮಿಷನ್ ಬೇಡವೇನೋ?"

"ಎಂತಕ್ಕೆ ಸಾರ್? ನಾವು ಅವರ ಫ್ಯಾನ್ಸ್ ಅಲ್ವಾ?"

*

ಹುಡುಗನ ಈ ಉತ್ತರ ಲಂಡನ್ನಿನ ಕೋರ್ಟಿಗೂ ಹೋಗಿ ಬಂದಿದೆ. ಆರ್ಸೆನಲ್ ಫುಟ್‌ಬಾಲ್ ಕ್ಲಬ್ಬಿನ ಮೈದಾನದ ಹೊರಗೆ ಮ್ಯಾಥ್ಯೂ ರೀಡ್ ಎಂಬವರು 1970ರಿಂದ ಕ್ಲಬ್ಬಿನ ಹೆಸರಿರುವ ಮಫ್ಲರ್, ಟೋಪಿ ಮಾರುತ್ತಿದ್ದರು. ಇದು ಕ್ಲಬ್ಬಿನ ಅಧಿಕೃತ ಮಾಲಲ್ಲ ಎಂದು ಬೋರ್ಡನ್ನೂ ಹಾಕಿದ್ದರು. ಜನ ಆ ಹೆಸರನ್ನು ಮೈಮೇಲೆ ಹಾಕಿಕೊಳ್ಳುವುದು ಅಭಿಮಾನಕ್ಕೆ, ಮಾಲು ಯಾವ ಅಂಗಡಿಯದ್ದೆಂದು ತೋರಿಸಲಿಕ್ಕಲ್ಲ ಎಂಬುದು ಅವರ ವಾದ. ಮೊದಲ ನ್ಯಾಯಾಧೀಶರು ತಲೆದೂಗಿದರು. 2002ರಲ್ಲಿ ಯುರೋಪಿನ ನ್ಯಾಯಾಲಯ ಒಪ್ಪಲಿಲ್ಲ, 2003ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೂ ಒಪ್ಪಲಿಲ್ಲ. ಗೆದ್ದದ್ದು ಕ್ಲಬ್ಬು.

ಹೋಗಲಿ, ಆರ್ಸೆನಲ್ ಎಂಬುದು ಕ್ಲಬ್ಬಿನದೇ ಹೆಸರು. ನನಗೆ ಅರ್ಥವಾಗದ್ದು ಇದರ ಮುಂದಿನ ಮೆಟ್ಟಿಲು. ಅಭಿಮಾನಿಗಳು ತಮಗೆ ತಾವೇ ಇಟ್ಟುಕೊಂಡ ಅಡ್ಡಹೆಸರನ್ನೂ ಕ್ಲಬ್ಬು ತನ್ನದೆಂದು ನೋಂದಾಯಿಸಿಕೊಂಡರೆ?

*

ನಮ್ಮ ಕ್ರಿಕೆಟ್ಟಿನಲ್ಲಿ ಹನ್ನೆರಡನೆಯವನೆಂದರೆ ನೀರು ಒಯ್ಯುವವನು. ಅಮೆರಿಕದಲ್ಲಿ ಅವನ ಬೆಲೆಯೇ ಬೇರೆ. ಅವರ ಫುಟ್‌ಬಾಲ್ ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. 1922ರ ಜನವರಿ 2ರಂದು ಡಲ್ಲಾಸಿನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಕಾಲೇಜಿನ ಆಟಗಾರರು ಒಬ್ಬೊಬ್ಬರಾಗಿ ಗಾಯಗೊಂಡರು. ಕಿಂಗ್ ಗಿಲ್ ಎಂಬ ವಿದ್ಯಾರ್ಥಿಯನ್ನು ಮೇಲಿನ ಸ್ಟ್ಯಾಂಡಿನಿಂದ ಕೆಳಗೆ ಕರೆಸಿದರು. ಆತ ಉಡುಪು ತೊಟ್ಟು ಅಂಚಿನಲ್ಲಿ ಕೊನೆವರೆಗೂ ನಿಂತ, ಆಡುವ ಸರದಿ ಬರಲೇ ಇಲ್ಲ. ಅವನ ನೆನಪಿನಲ್ಲಿ ಅಲ್ಲಿನ ಪ್ರೇಕ್ಷಕರೆಲ್ಲ 'ಟ್ವೆಲ್ತ್ ಮ್ಯಾನ್'. 1990ರಲ್ಲಿ ವಿಶ್ವವಿದ್ಯಾಲಯ ಅದನ್ನು ಟ್ರೇಡ್‌ಮಾರ್ಕ್ ಮಾಡಿಸಿತು. ಸಿಯಾಟಲ್‌ನ ಸೀಹಾಕ್ಸ್ ತಂಡವೂ ತನ್ನ ಅಭಿಮಾನಿಗಳನ್ನು ಹಾಗೇ ಕರೆಯುತ್ತಿತ್ತು, ಅವರ ಗೌರವಕ್ಕೆಂದು 12ನೇ ನಂಬರಿನ ಜರ್ಸಿಯನ್ನು 1984ರಲ್ಲೇ ಮೀಸಲಿಟ್ಟಿತ್ತು. 2006ರಲ್ಲಿ ವಿಶ್ವವಿದ್ಯಾಲಯ ಕೇಸು ಹಾಕಿತು. ಕೊನೆಗೆ ರಾಜಿ: ಹಣ ಕೊಟ್ಟು ಲೈಸೆನ್ಸ್ ಪಡೆಯುವುದು. ಅಂದರೆ ತನ್ನ ಅಭಿಮಾನಿಗಳನ್ನು ಅವರ ಹೆಸರಿನಿಂದ ಕರೆಯಲು ತಂಡ ಬಾಡಿಗೆ ಕಟ್ಟಬೇಕಾಯಿತು.

ನಮ್ಮ ಆರ್‌ಸಿಬಿಯೂ ಅಭಿಮಾನಿಗಳನ್ನು ಕರೆಯುವುದು 'ಟ್ವೆಲ್ತ್ ಮ್ಯಾನ್ ಆರ್ಮಿ' ಎಂದೇ.

*

ಒಂದು ಪ್ರಶ್ನೆ ಬಿಡುತ್ತಿಲ್ಲ. ಟ್ರೇಡ್‌ಮಾರ್ಕ್ ಆದ ಮಾತ್ರಕ್ಕೆ ಯಾರೂ ಬಂದು ಬಾಯಿ ಮುಚ್ಚಿಸುವುದಿಲ್ಲ. ನೋಂದಣಿ ಆಗುವುದು ಮಾಲಿಗೆ, ಸೇವೆಗೆ. ಬಟ್ಟೆಬರೆ 25ನೇ ವರ್ಗ, ಕ್ರೀಡೆ ಮನರಂಜನೆ 41ನೇ ವರ್ಗ. ಗ್ಯಾಲರಿಯಲ್ಲಿ ಕೂಗುವುದಕ್ಕೆ ವರ್ಗವೂ ಇಲ್ಲ, ಶುಲ್ಕವೂ ಇಲ್ಲ. ಮತ್ತೆ ಕ್ಲಬ್ಬು ತಮ್ಮ ಹೆಸರನ್ನು ನೋಂದಾಯಿಸಿಕೊಂಡರೆ ಅಭಿಮಾನಿಗಳಿಗೆ ಅಷ್ಟೊಂದು ಸಿಟ್ಟೇಕೆ?

ಮೊದಲು ಹೊಳೆದದ್ದು ದುಡ್ಡಿನ ಉತ್ತರ. ಅಭಿಮಾನಿ ಬಳಗಗಳು ಮಫ್ಲರು, ಟೀ ಶರ್ಟು ಮಾಡಿಸಿ ಮಾರಿ, ಆ ದುಡ್ಡಿನಲ್ಲಿ ಬ್ಯಾನರ್, ಡೋಲು, ಬಸ್ಸಿನ ಬಾಡಿಗೆ ನಿಭಾಯಿಸುತ್ತವೆ. ನೋಟಿಸು ಬಂದು ಬೀಳುವುದು ಆ ಟೀ ಶರ್ಟಿನ ಮೇಲೆ. 2010ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆದದ್ದು ಇದೇ. ಅಲ್ಲಿನ ಸೇಂಟ್ಸ್ ತಂಡದ ಅಭಿಮಾನಿಗಳ 'ಹೂ ಡ್ಯಾಟ್' ಎಂಬ ಕೂಗು ಊರಿನದು. ಅದನ್ನು ಅಚ್ಚು ಹಾಕಿದ ಟೀ ಶರ್ಟ್ ಅಂಗಡಿಗಳಿಗೆ ಅಮೆರಿಕದ ಫುಟ್‌ಬಾಲ್ ಲೀಗ್ ಎಚ್ಚರಿಕೆ ಪತ್ರ ಕಳಿಸಿತು. ಊರಿಗೆ ಊರೇ ತಿರುಗಿಬಿತ್ತು. ಸೆನೆಟರ್ ಡೇವಿಡ್ ವಿಟರ್ ತಾನೂ ಅಂಥದೇ ಟೀ ಶರ್ಟ್ ಮಾಡಿಸುತ್ತೇನೆ, ಬೇಕಾದರೆ ನನ್ನ ಮೇಲೆ ಕೇಸು ಹಾಕಿ ಎಂದ. ಲೀಗ್ ಮೆತ್ತಗಾಯಿತು.

*

ದುಡ್ಡಿನ ಉತ್ತರ ಸಾಲದು ಅನಿಸಿದ್ದು ಇಲ್ಲೇ, ಎನ್.ಆರ್.ಪುರದಲ್ಲಿ. ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕುಟುಂಬಗಳು ಈ ತಾಲ್ಲೂಕಿನಲ್ಲಿ ಬಹಳ. ಐಎಸ್‌ಎಲ್ ಫುಟ್‌ಬಾಲ್ ಶುರುವಾದರೆ ಕೇರಳ ಬ್ಲಾಸ್ಟರ್ಸ್ ಮಾತು ಹೋಟೆಲಿನಲ್ಲೂ ಕೇಳುತ್ತದೆ. ಬ್ಲಾಸ್ಟರ್ಸ್ ಅಭಿಮಾನಿಗಳ ಹೆಸರು ಮಂಜಪ್ಪಡ, ಹಳದಿ ಪಡೆ. ತಂಡವನ್ನು ಹೊತ್ತು ಮೆರೆಸಿದ ಅದೇ ಮಂಜಪ್ಪಡ 2024ರ ಕೊನೆಯಲ್ಲಿ ಕ್ಲಬ್ಬಿನ ಆಡಳಿತದ ವಿರುದ್ಧ ಪ್ರತಿಭಟನೆಗಿಳಿಯಿತು.

ಸಿಟ್ಟಿನ ಬೇರು ಇಲ್ಲಿದೆ ಎಂದು ನನ್ನ ಗುಮಾನಿ. ಅಡ್ಡಹೆಸರು ಜೈಕಾರಕ್ಕೆ ಮಾತ್ರ ಇರುವುದಲ್ಲ, ಮಾಲೀಕರನ್ನು ಬೈಯಲಿಕ್ಕೂ ಅದೇ ಹೆಸರು ಬೇಕು. ಹೆಸರು ಮಾಲೀಕರ ಕಪಾಟು ಸೇರಿದ ಮೇಲೆ ಅವರ ವಿರುದ್ಧ ಹಿಡಿಯುವ ಬ್ಯಾನರಿನ ಕೆಳಗೆ ಏನೆಂದು ಸಹಿ ಹಾಕುವುದು?

*

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಆಟಗಳು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ. ಅಲ್ಲಿನ ಪಶ್ಚಿಮದ ಸ್ಟ್ಯಾಂಡಿನಲ್ಲಿ ಕುಣಿದವರು 'ವೆಸ್ಟ್ ಬ್ಲಾಕ್ ಬ್ಲೂಸ್' ಆದರು. ತಂಡ ಕಂಠೀರವಕ್ಕೆ ಹೋದಾಗ ಹೆಸರೂ ಜತೆಗೇ ಹೋಯಿತು. ಕ್ಲಬ್ಬು ಜೆಎಸ್‌ಡಬ್ಲ್ಯು ಕಂಪನಿಯದು, ಸರಿ. ಆದರೆ ಆ ಹೆಸರು ಕಂಪನಿಯ ಯಾವ ಮೀಟಿಂಗಿನಲ್ಲೂ ಹುಟ್ಟಿದ್ದಲ್ಲ.

ಇದೇ ಬೆಂಗಳೂರು ತಂಡ 2023ರ ಮಾರ್ಚ್ 18ರಂದು ಗೋವಾದಲ್ಲಿ ಐಎಸ್‌ಎಲ್ ಫೈನಲ್ಲನ್ನು ಪೆನಾಲ್ಟಿಯಲ್ಲಿ ಸೋತಿತು. ಗೆದ್ದವರು ಎಟಿಕೆ ಮೋಹನ್ ಬಾಗಾನ್. ತಮ್ಮ ಹಳೆಯ ಕ್ಲಬ್ಬಿನ ಮುಂದೆ ಅಂಟಿಸಿದ 'ಎಟಿಕೆ' ತೆಗೆಯಿರಿ ಎಂದು ಬಾಗಾನ್ ಅಭಿಮಾನಿಗಳು 2020ರಿಂದ ಗಲಾಟೆ ಮಾಡುತ್ತಲೇ ಇದ್ದರು. ಕಪ್ ಗೆದ್ದ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಆ ಮೂರಕ್ಷರ ಹೋಯಿತೆಂದು ಘೋಷಿಸಿದರು. ನಾವು ಸೋತ ದುಃಖದಲ್ಲಿ ಈ ಸುದ್ದಿಯನ್ನು ಸರಿಯಾಗಿ ಓದಲೇ ಇಲ್ಲ.

*

ಕ್ಲಬ್ಬಿನವರ ಮಾತನ್ನೂ ಬರೆದಿಡಬೇಕು. "ನಾವು ನೋಂದಾಯಿಸದಿದ್ದರೆ ಯಾರೋ ದಾರಿಹೋಕ ನೋಂದಾಯಿಸಿ ನಮ್ಮನ್ನೂ ನಿಮ್ಮನ್ನೂ ಇಬ್ಬರನ್ನೂ ಸುಲಿಯುತ್ತಾನೆ" ಎಂಬುದು ಅವರ ಸಮಜಾಯಿಷಿ. ಪೂರ್ತಿ ಸುಳ್ಳಲ್ಲ. ಆದರೆ 2019ರಲ್ಲಿ ಲಿವರ್‌ಪೂಲ್ ಕ್ಲಬ್ಬು ಇದೇ ರಾಗ ಹಾಡುತ್ತಾ 'ಲಿವರ್‌ಪೂಲ್' ಎಂಬ ಊರ ಹೆಸರಿಗೇ ಕೈ ಹಾಕಿತ್ತು. ಬೀದಿಬದಿ ವ್ಯಾಪಾರಿಗಳು, ಅಭಿಮಾನಿ ಸಂಘ, ಅದೇ ಊರಿನ ಸಣ್ಣ ಕ್ಲಬ್ಬು ಎಲ್ಲರೂ ವಿರೋಧಿಸಿದರು. ಅದು ಊರಿನ ಹೆಸರೆಂಬ ಕಾರಣಕ್ಕೇ ಬ್ರಿಟನ್ನಿನ ಟ್ರೇಡ್‌ಮಾರ್ಕ್ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ಕ್ಲಬ್ಬು ಮೇಲ್ಮನವಿಗೆ ಹೋಗಲಿಲ್ಲ.

ಊರ ಹೆಸರಿನ ಮಾತು ಬಂತಲ್ಲ: ಎಡೇಹಳ್ಳಿ ಎಂಬ ಊರು ನರಸಿಂಹರಾಜಪುರ ಆದದ್ದು 1915ರಲ್ಲಿ, ಮೈಸೂರಿನ ಯುವರಾಜರು ಬಂದುಹೋದ ನೆನಪಿಗೆ. ಅರಮನೆ ಕೊಟ್ಟ ಹೆಸರನ್ನು ಜನ ಎನ್.ಆರ್.ಪುರ ಎಂದು ಕತ್ತರಿಸಿ ಇಟ್ಟುಕೊಂಡರು. ಯಾರನ್ನೂ ಕೇಳಲಿಲ್ಲ.

*

ಹೆಸರೊಂದನ್ನು ಎಲ್ಲರೂ ಸೇರಿ ಕಾಪಾಡಿಕೊಳ್ಳಲು ಕಾಫಿ ಬೆಳೆಗಾರರಿಗೆ ದಾರಿಯಿದೆ. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿತು. ಆ ಹೆಸರು ಒಬ್ಬ ಸಾಹುಕಾರನ ಸ್ವತ್ತಲ್ಲ, ಆ ನೆಲದಲ್ಲಿ ಆ ಕಾಫಿ ಬೆಳೆಯುವವರೆಲ್ಲರದು. ಕೂಗು ಬೆಳೆಯುವವರಿಗೆ ಅಂಥದ್ದೇನಾದರೂ ಇದೆಯೇ ಎಂದು ಹುಡುಕಿದೆ. ಇದೆ. ನಮ್ಮ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲೇ ಸಾಮೂಹಿಕ ಗುರುತು ಎಂದೊಂದು ಅಧ್ಯಾಯವಿದೆ. ಸಂಘವೊಂದು ತನ್ನ ಸದಸ್ಯರೆಲ್ಲರ ಪರವಾಗಿ, ಬಳಕೆಯ ನಿಯಮ ಬರೆದುಕೊಟ್ಟು, ಹೆಸರನ್ನು ನೋಂದಾಯಿಸಬಹುದು. ಇಂಗ್ಲೆಂಡ್ ಕ್ರಿಕೆಟ್ಟಿನ ಅಭಿಮಾನಿಗಳಾದ 'ಬಾರ್ಮಿ ಆರ್ಮಿ'ಯವರು 1994-95ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಹೆಸರು ಬಿದ್ದ ಕೂಡಲೇ ಅದನ್ನು ತಾವೇ ನೋಂದಾಯಿಸಿಕೊಂಡ ಜಾಣರು. ಮುಂದೆ ಅದೂ ಒಂದು ಕಂಪನಿಯಂತೆಯೇ ನಡೆಯಿತು ಎಂಬುದು ಬೇರೆ ಮಾತು.

ಕಾರ್ಮಿಕರೇ ಮಾಲೀಕರಾಗಿ ಸಹಕಾರ ಸಾರಿಗೆಯ ಬಸ್ಸುಗಳನ್ನು ವರ್ಷಗಟ್ಟಲೆ ಓಡಿಸಿದ ಕೊಪ್ಪದ ಸೀಮೆ ಇದು. ಒಂದು ಹೆಸರನ್ನು ಹತ್ತಾರು ಜನ ಸೇರಿ ಇಟ್ಟುಕೊಳ್ಳುವುದು ಇಲ್ಲಿಯವರಿಗೆ ಕಷ್ಟವಾಗಬಾರದು.

*

ಕೊನೆಗೆ, ಅಭಿಮಾನಿ ಬಳಗದವರಿಗೆ ಕೆಲಸಕ್ಕೆ ಬರುವ ವಿಷಯ. ಟ್ರೇಡ್‌ಮಾರ್ಕ್ ಜರ್ನಲ್ ಪ್ರತಿ ಸೋಮವಾರ ಪ್ರಕಟವಾಗುತ್ತದೆ, ಯಾರು ಬೇಕಾದರೂ ಓದಬಹುದು. ಅದರಲ್ಲಿ ಅರ್ಜಿ ಕಂಡ ಮೇಲೆ ಆಕ್ಷೇಪಣೆಗೆ ನಾಲ್ಕು ತಿಂಗಳ ಗಡುವು. ಆಕ್ಷೇಪಿಸುವವರು ವ್ಯಾಪಾರಿಯೇ ಆಗಿರಬೇಕೆಂದಿಲ್ಲ, ಕಾಯ್ದೆಯ 21ನೇ ಕಲಮಿನ ಪ್ರಕಾರ ಯಾವ ವ್ಯಕ್ತಿಯಾದರೂ ಆಗಬಹುದು. ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 2,700 ರೂಪಾಯಿ. ಬಳಗದಲ್ಲಿ ಒಬ್ಬರಾದರೂ ಸೋಮವಾರ ಆ ಜರ್ನಲ್ ತೆರೆದು ನೋಡುವ ಕೆಲಸ ವಹಿಸಿಕೊಳ್ಳಿ.